ಕೊಳಕ್ಕೆ ಬಿಟ್ಟ ಎರಡು ಮೀನು

ಮದರಾಸಿನ ತಾಂಬರಂ ಸ್ಟೇಷನ್ನಿನ ಮೀಟರ್‌ಗೇಜ್ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಪಕ್ಕದ ದಂಪತಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದಾಗ ಹೋಟೆಲಿನ ಸುಬ್ರಾಯನಿಗೆ ಹಿಗ್ಗಾಯಿತು. ಯಾವೂರಿನವರೆಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಗಸು ದನಿ ತಗ್ಗಿಸಿದರು.

“ದೇವಸ್ಥಾನದ ಕೊಳದ ಮೀನಿಗೆ ಮಂಡಕ್ಕಿ ಹಾಕ್ಬೇಡಿ ಅಂತ ಬೋರ್ಡ್ ಹಾಕಿದಾರೆ ರೀ. ಎಲ್ಲದರ ಮೈಮೇಲೂ ದಾರದ ಹಾಗೆ ಹುಳ ನೇತಾಡ್ತಿದೆ.”

“ನಮ್ಮ ಗಾಜಿನ ತೊಟ್ಟಿ ಮೀನಿಗಿತ್ತಲ್ಲ, ಅದೇನಾ?”

“ಅದೇ. ಪರದೇಶದ ಮೀನಿನ ಜೊತೆ ಬಂದಿರೋ ಹುಳ, ಎರಡನ್ನೂ ಹೂತುಬಿಡಿ ಅಂತ ಅಂಗಡಿಯವನು ಆಗಲೇ ಹೇಳಿದ್ದ.”

“ಜೀವ ಇರೋದನ್ನ ಹೇಗೆ ಹೂಳೋದು? ದೇವರ ನೀರಲ್ಲಾದ್ರೂ ಬದುಕಲಿ ಅಂತ ಬಿಟ್ಟೆ.”

“ಯಾವ ಪಾಪಿ ಮಾಡಿದ್ದೋ ಅಂತ ದೇವಸ್ಥಾನದ ಅರ್ಚಕರು ಇವತ್ತು ಎಲ್ಲರೆದುರಿಗೆ ಅಂದ್ರು.”

“ನೀನೇನಂದೆ?”

“ನಾನೂ ಅವರ ಜೊತೆ ಸೇರಿ ಬೈದೆ.”

ಗಂಡ ತಲೆ ಎತ್ತಲಿಲ್ಲ. “ಸದ್ಯ, ಇಲ್ಲಿ ಯಾರಿಗೂ ನಮ್ಮ ಮಾತು ತಿಳಿಯಲ್ಲ” ಎಂದರು.

ರೈಲು ಬಂತು. ಹೆಂಗಸು ಸುಬ್ರಾಯನತ್ತ ತಿರುಗಿ, ಇದು ಬೀಚ್ ಸ್ಟೇಷನ್ನಿಗೆ ಹೋಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದರು.

“ಪೋಗುಂ ಅಮ್ಮಾ” ಎಂದು ಸುಬ್ರಾಯನೂ ತಮಿಳಿನಲ್ಲೇ ಹೇಳಿದ. ಅವನೂ ಅದೇ ರೈಲಿಗೆ ಹೋಗಬೇಕಿತ್ತು. ಅವರಿಬ್ಬರೂ ಹತ್ತಿ ಕೂತ ಮೇಲೂ ಅವನು ಬೆಂಚಿನಿಂದ ಏಳಲಿಲ್ಲ.