ಮೇಲಕ್ಕೆಳೆದ ಏಣಿ

ಮೊಹೊಕರೆ ನದಿ ಉಕ್ಕಿ ದಾಟುವ ಜಾಗವನ್ನೇ ನುಂಗಿತ್ತು. ಆಚೆ ದಡಕ್ಕೆ ಹೋಗಬೇಕಿದ್ದ ನಾವು ಏಳೆಂಟು ಜನ ಮಳೆ ನಿಲ್ಲಲೆಂದು ಸೆಲ್ಲೊವಾನೆ ಅಜ್ಜಿಯ ಗುಡಿಸಲಲ್ಲಿ ಜೋಳದ ಬಿಯರು ಹೀರುತ್ತ ಕೂತಿದ್ದೆವು. ನದಿಯ ತಿರುವಿನಲ್ಲಿ ಬಿಳಿಯರು ಬೋಯರ್ ಯುದ್ಧಕಾಲದಲ್ಲಿ ಕಟ್ಟಿಸಿದ ಕಲ್ಲಿನ ಕಾವಲುಗೋಪುರ ಕಾಣುತ್ತಿತ್ತು. ಯಾರೋ, "ಎಷ್ಟು ಚೆಂದ ಕಟ್ಟಿದಾರೆ!" ಎಂದರು. ಅಜ್ಜಿ ಬೂದಿಗೆ ಥೂ ಎಂದು ಉಗಿದಳು.

"ಚೆಂದವಂತೆ, ಚೆಂದ! ಆ ಕಲ್ಲು ಹೊತ್ತೋರು ಯಾರು ಅನ್ಕೊಂಡೆ? ನಮ್ಮ ತಾತ ರಾಮೊಹೊಲಿ, ಅವನ ಜೊತೆ ಇನ್ನೂ ಮೂವರು. ಕಟ್ಟಿದ ಮೇಲೆ ಕಾವಲಿಗೂ ಅವರೇ... ಬಾಗಿಲು ಇರೋದು ಮೇಲಿನ ಅಂತಸ್ತಲ್ಲಿ ನೋಡ್ರಿ, ಹೊತ್ತು ಮುಳುಗಿದ್ದೇ ಬಿಳಿ ಸಿಪಾಯಿಗಳು ಒಳಗೆ ಸೇರ್ಕೊಂಡು ಏಣಿ ಮೇಲಕ್ಕೆಳ್ಕೊಳ್ಳೋರು, ಇವರು ನಾಲ್ವರು ಹೊರಗೆ ಹಳ್ಳದಲ್ಲಿ ಕೂತು ಮುಳ್ಳುತಂತಿ ಕಾಯ್ಬೇಕು.

"ಒಂದು ಸಂಜೆ ಇಂಥದ್ದೇ ಮಳೆ. ನೀರು ಎದೆಮಟ್ಟ ಬಂತು. ತಾತ ಕೂಗಿದ, 'ಸಾರ್ಜೆಂಟ್ ದೊರೆ, ಏಣಿ ಬಿಡಿ, ಸಾಯ್ತೀವಿ!' ಮೇಲೆ ಡಬ್ಬಿ ಮಾಂಸ ತಿಂತಿದ್ದ ಸಾರ್ಜೆಂಟ್ ಪ್ಲಿಮ್ಲಿ ಕಿಂಡೀಲಿ ಬಗ್ಗಿ ಏನಂದ ಗೊತ್ತಾ? 'ನಿಮ್ಮ ನಾತಕ್ಕೆ ಊಟ ಸೇರಲ್ಲ ಕಣ್ರೋ.' ಖಾಲಿ ಡಬ್ಬಿ ತಾತನ ತಲೆಗೇ ಎಸೆದ. ಸಿಪಾಯಿಗಳು ನಕ್ಕರು... ನಕ್ಕರು ಅಂತೀನಿ! ತಾತ ಮುಳ್ಳುತಂತಿ ಹಿಡ್ಕೊಂಡೇ ಉಳಿದ, ಅಂಗೈ ಮೂಳೆ ಕಾಣೋ ಹಾಗೆ ಸೀಳಿತ್ತು. ಆ ಮೂವರು ಕೊಚ್ಚಿಹೋದರು. ಹೆಣ ಕೆಳಗಿನ ಬಂಡೆಗೆ ಸಿಕ್ಕಾಗ ಹೂಳೋಕೂ ಬಿಡಲಿಲ್ಲ ಆ ನೀಚ, 'ಕಾವಲು ಯಾರು ನಿಮ್ಮಪ್ಪ ಕಾಯ್ತಾನಾ?' ಅಂದ. ನರಿ ತಿಂದವು.

"ಆಮೇಲೆ ಯಾವ ಡಬ್ಬಿ ತೆರೆದರೂ ಒಳಗೆ ಹೊಳೆ ಕೆಸರು, ಅದರಲ್ಲಿ ಗುಂಗುರು ಕೂದಲು... ಸಿಪಾಯಿಗಳು ವಾಂತಿ ಮಾಡ್ಕೊಂಡು ಓಡಿಹೋದರು. ಪ್ಲಿಮ್ಲಿ ಮಾತ್ರ ಹಟಕ್ಕೆ ಬಿದ್ದು ಏಣಿ ಎಳ್ಕೊಂಡು ಒಳಗೇ ಉಳಿದ. ಬೆಳಗ್ಗೆ ಎಷ್ಟು ಕೂಗಿದರೂ ಸದ್ದಿಲ್ಲ. ತಾತ ಬೇರೆ ಏಣಿ ತಂದು ಹತ್ತಿದರೆ... ನೆಲ ಒಣಗಿದೆ, ಗೋಡೆ ಒಣಗಿದೆ, ಇವನು ಮಂಚದ ಮೇಲೆ ಉಬ್ಬಿ ಬಿದ್ದಿದಾನೆ, ಹೊಟ್ಟೆ ಮುಟ್ಟಿದರೆ ಬಾಯಿಂದ ಬುಳುಬುಳು ಹೊಳೆನೀರು! 'ಹೆದರಿಕೆ ಆಯ್ತಾ ತಾತ?' ಅಂತ ನಾನು ಚಿಕ್ಕೋಳಿದ್ದಾಗ ಕೇಳಿದ್ದೆ. 'ಇಲ್ಲ ಮಗಾ, ಹೇಸಿಗೆ ಆಯ್ತು' ಅಂದ.

"ಈಗ ಅದನ್ನ ಪ್ರವಾಸಿಗಳು ಇಳಿಯೋ ಮನೆ ಮಾಡಿದಾರೆ, ಹಾಸಿಗೆ ಬಟ್ಟೆ ಒಗೆಯೋಳು ನಾನೇ. ಹೋದ ವಾರ ಯಾರೂ ಬಂದಿರಲಿಲ್ಲ, ಬೀಗದಕೈ ನನ್ನ ಹತ್ರಾನೇ ಇತ್ತು..."

ಅಜ್ಜಿ ನಮ್ಮೆಲ್ಲರ ಮುಖ ನೋಡಿದಳು.

"ಮೂರು ಹಾಸಿಗೆ ಒದ್ದೆ. ನೆನೆದು ಬಂದೋರು, ಬೆಚ್ಚಗೆ ಮಲಗಲಿ ಅಂತ ಒಂದೊಂದು ಕಂಬಳಿ ಹೆಚ್ಚಿಗೆ ಹಾಸಿ ಬಂದಿದೀನಿ."