ಸಲಿಕೆಯ ಮೇಲಿದ್ದ ಹಿಮದ ಗರಿಗಳು

ಛಿಮೆ ಪಾಲ್ಮೋ, ತಂದೆ ದೋರ್ಜೆ ರಾಮ್, ವಯಸ್ಸು 23 ವರ್ಷ, ವಿದ್ಯಾಭ್ಯಾಸ ಸಾಹಿತ್ಯದಲ್ಲಿ ಪದವಿ, ಉದ್ಯೋಗ ಪರ್ವತ ಮಾರ್ಗದರ್ಶಕರ ಸಂಘದ ಹಿಮ ವೀಕ್ಷಣಾ ಕೊಠಡಿಯಲ್ಲಿ ದಾಖಲೆ ಬರೆಯುವುದು, ವಾಸ ರೂಲಿಂಗ್ ಗ್ರಾಮ, ಲಾಹೌಲ್, ಆದ ನಾನು ಠಾಣೆಗೆ ನಾನಾಗಿಯೇ ಹಾಜರಾಗಿ, ನನ್ನ ಕೈಯಲ್ಲೇ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ, ಜನವರಿ 22ರಂದು, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ನಾನು ಕೊಠಡಿಗೆ ಬಂದಾಗ ಬಾಗಿಲ ಪಕ್ಕ ಒರಗಿಸಿದ್ದ ಸಲಿಕೆಯ ಅಲಗಿನ ತುಂಬ ಹಿಮದ ಗರಿಗಳು ಬೆಳೆದಿದ್ದವು. ಒಂದೊಂದೂ ನನ್ನ ಕಿರುಬೆರಳ ಉಗುರಿನಷ್ಟು ಉದ್ದವಿತ್ತು. ಮೋಡವಿಲ್ಲದ ಚಳಿ ರಾತ್ರಿಗಳಲ್ಲಿ ಇವು ಬೆಳೆಯುತ್ತವೆ, ಉಸಿರು ತಗುಲಿದರೂ ಉದುರುತ್ತವೆ. ಚೆಂದ ಕಂಡಿದ್ದರಿಂದ ಮುಟ್ಟದೆ ಒಳಗೆ ಹೋದೆ. ಉಷ್ಣಾಂಶ ಮೈನಸ್ 19 ಡಿಗ್ರಿ ಇತ್ತು.

ಒಳಗೆ ಮುಖ್ಯ ವೀಕ್ಷಕರಾದ ನವಾಂಗ್ ಅಂಗ್ರೂಪ್, 51 ವರ್ಷ, ಒಲೆಯ ಪಕ್ಕ ಕುಳಿತಿದ್ದರು. ಅವರು ನನ್ನ ತಾಯಿಯ ತಮ್ಮ, ನಾನು ಅವರನ್ನು ಅಜಂಗ್ ಎಂದು ಕರೆಯುತ್ತೇನೆ. ಹಿಂದಿನ ದಿನ ಹಾಲ್ಡಾ ಹಬ್ಬವಿತ್ತು. ಅವರ ಕಣ್ಣು ಕೆಂಪಾಗಿತ್ತು, ಛಾಂಗ್ ಹೆಂಡದ ವಾಸನೆ ಇತ್ತು.

ಜನ ಇಳಿಜಾರಿಗೆ ಹೋಗುವ ದಿನ ಬೆಳಿಗ್ಗೆ ಉತ್ತರದ ಇಳಿಜಾರಿನಲ್ಲಿ ಗುಂಡಿ ತೋಡಿ, ಹಿಮದ ಪದರಗಳನ್ನು ನೋಡಿ, ಅಪಾಯವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಬಾವುಟ ಏರಿಸುವುದು ಸಂಘದ ನಿಯಮ. ಜನವರಿ 15ರಂದು ಸಲಿಕೆಯ ಮೇಲಿದ್ದಂಥ ಗರಿಗಳೇ ಇಳಿಜಾರಿನ ತುಂಬ ಬೆಳೆದಿದ್ದವು. ಅದನ್ನು ನಾನೇ ದಾಖಲಿಸಿದ್ದೇನೆ. 17ರಿಂದ 19ರವರೆಗೆ ಅವುಗಳ ಮೇಲೆ 48 ಸೆಂಟಿಮೀಟರ್ ಹಿಮ ಬಿದ್ದು ಗಾಳಿಗೆ ಗಟ್ಟಿಯಾಗಿತ್ತು. ಅಡಿಯಲ್ಲಿ ಗರಿಗಳು ಹಾಗೇ ಉಳಿದಿದ್ದರೆ ಮೇಲಿನ ಹಿಮ ಒಬ್ಬನ ಭಾರಕ್ಕೂ ಹಲಗೆಯಂತೆ ಜಾರುತ್ತದೆ. ಉಳಿದಿವೆಯೋ ಇಲ್ಲವೋ ಎಂಬುದು ಅಗೆಯದೆ ತಿಳಿಯುವುದಿಲ್ಲ.

6 ಗಂಟೆ 50 ನಿಮಿಷಕ್ಕೆ ದಾಖಲೆ ಪುಸ್ತಕ ತೆರೆದೆ. ಅಂದಿನ ಪುಟ ಆಗಲೇ ತುಂಬಿತ್ತು. 6 ಗಂಟೆ 15 ನಿಮಿಷಕ್ಕೆ ಗುಂಡಿ ತೋಡಲಾಗಿದೆ, ಆಳ 160 ಸೆಂಟಿಮೀಟರ್, ದುರ್ಬಲ ಪದರ ಕಂಡುಬಂದಿಲ್ಲ ಎಂದು ಅಜಂಗ್ ಅಕ್ಷರದಲ್ಲಿತ್ತು. ಕೊಠಡಿಯಲ್ಲಿರುವುದು ಅದೊಂದೇ ಸಲಿಕೆ. ಕಿಟಕಿಯಿಂದ ನೋಡಿದೆ. ಗುಂಡಿ ತೋಡುವ ಜಾಗ 400 ಮೀಟರ್ ಮೇಲಿದೆ. ಅಲ್ಲಿಗೆ ನರಿಯ ಹೆಜ್ಜೆಗಳು ಮಾತ್ರ ಹೋಗಿದ್ದವು.

ಗುಂಡಿ ಯಾವಾಗ ತೋಡಿದಿರಿ ಎಂದು ಅಜಂಗ್ ಅವರನ್ನು ಕೇಳಿದೆ. ಅದಕ್ಕವರು, "ನೀನು ಹೊದ್ಕೊಂಡು ಮಲಗಿದ್ದಾಗ. ಕವಿತೆ ಓದ್ಕೊಂಡು ಬಂದೋರು ಈಗ ನನಗೆ ಹಿಮ ಕಲಿಸ್ತೀರೇನು?" ಎಂದು ನಕ್ಕರು. ಹಸಿರು ಬಾವುಟ ಏರಿಸಲು ಹೇಳಿದರು. 7 ಗಂಟೆ 20 ನಿಮಿಷಕ್ಕೆ ಅದನ್ನು ಏರಿಸಿದವಳು ನಾನೇ.

7 ಗಂಟೆ 35 ನಿಮಿಷಕ್ಕೆ ಮಾರ್ಗದರ್ಶಕ ಪಲ್ಜೋರ್, 34 ವರ್ಷ, ಪುಣೆಯ ಅತಿಥಿ ಅಭಿಜಿತ್ ಗೋರೆ ಅವರೊಂದಿಗೆ ಸ್ಕೀ ಹೊತ್ತು ಬಂದರು. ನಾನು ಬೆಣ್ಣೆ ಚಹಾ ಕೊಟ್ಟೆ. ಪಲ್ಜೋರ್ ನನ್ನನ್ನು, "ಏನ್ ಪಂಡಿತಮ್ಮ, ಹದಿನೈದನೇ ತಾರೀಖು ಗರಿ ಗರಿ ಅಂತ ಒಂದು ಪುಟ ಬರ್ದಿದ್ಯಲ್ಲ, ಆ ಗರಿ ಇನ್ನೂ ಕೆಳಗೇ ಇದ್ಯಾ, ಹಾರಿಹೋಯ್ತಾ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅಜಂಗ್, "ಅವಳನ್ನೇನು ಕೇಳ್ತೀಯಪ್ಪ? ನಾನೇ ಅಗೆದು ನೋಡಿದೀನಿ. ಎಲ್ಲಾ ಬೆಸ್ಕೊಂಡಿದೆ, ಹೋಗ್ಬಾ" ಎಂದರು. ಪಲ್ಜೋರ್ ಅಜಂಗ್ ಕಡೆ ನೋಡಲಿಲ್ಲ. ನಾಲ್ಕೈದು ಸೆಕೆಂಡು ನನ್ನನ್ನೇ ನೋಡಿದರು. ನಾನು ಚಹಾ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದೆ. ಅದರಲ್ಲಿ ಚಹಾ ಇರಲಿಲ್ಲ.

7 ಗಂಟೆ 50 ನಿಮಿಷಕ್ಕೆ ಅವರಿಬ್ಬರೂ ಹೊರಟರು.

10 ಗಂಟೆ 25 ನಿಮಿಷಕ್ಕೆ ನೆಲ ಒಮ್ಮೆ ಗುದ್ದಿದಂತಾಯಿತು. ಉತ್ತರದ ಇಳಿಜಾರು ಸುಮಾರು 150 ಮೀಟರ್ ಅಗಲಕ್ಕೆ ಬಿರುಕು ಬಿಟ್ಟು ಕೆಳಗಿಳಿಯಿತು. ಅಜಂಗ್ ಎಲ್ಲರಿಗಿಂತ ಮೊದಲು ಆ ಸಲಿಕೆಯನ್ನೇ ಹಿಡಿದು ಓಡಿದರು. ಗರಿಗಳು ಉದುರಿದ್ದನ್ನು ನಾನು ನೋಡಿದೆ. ಊರಿನ ಹನ್ನೊಂದು ಜನ ಸೇರಿದರು. ಹಿಮದ ಮೇಲೆ ಕೈಗವಸೊಂದು ಕಂಡ ಕಡೆ ಅಗೆದು 10 ಗಂಟೆ 55 ನಿಮಿಷಕ್ಕೆ ಪಲ್ಜೋರ್ ಅವರನ್ನು ಹೊರತೆಗೆದವರು ಅಜಂಗ್. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಆಮೇಲೆ ಸಲಿಕೆಯ ಹಿಡಿ ಮುರಿದರೂ ಅವರು ಕೈಯಲ್ಲೇ ಅಗೆದರು, ಬೆರಳುಗಳಿಂದ ರಕ್ತ ಬರುತ್ತಿತ್ತು. ಇದನ್ನೂ ಬರೆಯದಿದ್ದರೆ ನಾನು ಬರೆದದ್ದು ಪೂರ್ತಿಯಾಗುವುದಿಲ್ಲ. ಅತಿಥಿಯ ದೇಹ 12 ಗಂಟೆ 20 ನಿಮಿಷಕ್ಕೆ, 170 ಸೆಂಟಿಮೀಟರ್ ಆಳದಲ್ಲಿ ಸಿಕ್ಕಿತು. ಕುಸಿತದ ಪಕ್ಕದಲ್ಲಿ ಕತ್ತರಿಸಿದಂತೆ ನಿಂತಿದ್ದ ಹಿಮದ ಗೋಡೆಯನ್ನು ನಾನು ನೋಡಿದೆ. ಅರ್ಧ ಮೀಟರ್ ಕೆಳಗೆ ಒಂದು ಬೂದು ಗೆರೆ ಇತ್ತು. ಬೆರಳಿಂದ ಸವರಿದಾಗ ಗರಿಗಳು ಉದುರಿದವು.

12 ಗಂಟೆ 35 ನಿಮಿಷಕ್ಕೆ ಅಜಂಗ್ ಫೋನ್ ಮಾಡಬೇಕೆಂದು ಒಬ್ಬರೇ ಕೊಠಡಿಗೆ ಹಿಂತಿರುಗಿದರು. 1 ಗಂಟೆ 15 ನಿಮಿಷಕ್ಕೆ ನಾನು ಬಂದಾಗ ಕಂಬದಲ್ಲಿ ಕೆಂಪು ಬಾವುಟವಿತ್ತು. ಅದರಲ್ಲಿ ಮಡಿಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಬಾವುಟದ ಪೆಟ್ಟಿಗೆಗೆ ಎರಡು ಬೀಗದ ಕೈಗಳಿವೆ. ಒಂದು ನನ್ನ ಕೊರಳಲ್ಲಿತ್ತು.

ಮಧ್ಯಾಹ್ನ 3 ಗಂಟೆಗೆ ಬಂದ ತಮ್ಮ ಠಾಣೆಯ ಅಧಿಕಾರಿಗೆ, ಬೆಳಿಗ್ಗೆಯಿಂದಲೂ ಕೆಂಪು ಬಾವುಟವೇ ಇತ್ತೆಂದೂ ಪಲ್ಜೋರ್ ಮಾತು ಕೇಳದೆ ಅತಿಥಿಯನ್ನು ಕರೆದೊಯ್ದರೆಂದೂ ಅಜಂಗ್ ತಿಳಿಸಿದರು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಆಗ ದಾಖಲೆ ಪುಸ್ತಕ ಮೇಜಿನ ಮೇಲಿರಲಿಲ್ಲ. ಪಲ್ಜೋರ್ ಮೇಲೆ ಪ್ರಕರಣ ದಾಖಲಾಗಿದೆ ಎಂದು ಸಂಜೆ ಊರಿಗೆಲ್ಲ ಗೊತ್ತಾಯಿತು. ಅವರು ಆಸ್ಪತ್ರೆಯಲ್ಲಿದ್ದಾರೆ, ಇನ್ನೂ ಪ್ರಜ್ಞೆ ಬಂದಿಲ್ಲ. ಇಂದು ಬೆಳಿಗ್ಗೆ ಅವರ ಹೆಂಡತಿ ನಲ್ಲಿಯ ಹತ್ತಿರ ಬಂದಾಗ ಹೆಂಗಸರು ಮಾತು ನಿಲ್ಲಿಸಿದರು.

ಇಂದು 8 ಗಂಟೆಗೆ ಅಜಂಗ್ ಬೆರಳುಗಳಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಗೆ ಬಂದು, "ಪೊಲೀಸರು ಕೇಳಿದ್ರೆ ಬಾವುಟ ಕೆಂಪಿತ್ತು ಅನ್ನು, ಅಷ್ಟೇ. ಅವನು ಏಳ್ತಾನೋ ಇಲ್ವೋ. ಎದ್ರೂ ಏನ್ ನೆನಪಿರತ್ತೆ? ನಿನ್ನೆ ಸುಮ್ನೇ ಇದ್ಯಲ್ಲ, ಹಂಗೇ ಇರು" ಎಂದರು. ನನ್ನ ತಾಯಿ ಅವರಿಗೆ ತುತ್ತು ಮಾಡಿ ತಿನ್ನಿಸುತ್ತಾ, "ನನಗಿರೋನು ಒಬ್ಬನೇ ತಮ್ಮ ಕಣೇ" ಎಂದಷ್ಟೇ ಹೇಳಿದರು. ನಾನು ಬೂಟು ಹಾಕಿಕೊಂಡೆ. ರಾತ್ರಿಯ ಹಿಮಕ್ಕೆ ರಸ್ತೆ ಮುಚ್ಚಿದ್ದರಿಂದ 11 ಕಿಲೋಮೀಟರ್ ನಡೆದು 12 ಗಂಟೆ 10 ನಿಮಿಷಕ್ಕೆ ಠಾಣೆ ತಲುಪಿದೆ.

ಇಷ್ಟು ಬರೆದದ್ದನ್ನು ಮಹಿಳಾ ಕಾನ್‌ಸ್ಟೇಬಲ್ ಓದಿ ನೋಡಿದರು. ಬಾವುಟ, ಸಲಿಕೆ, ಬೀಗದ ಕೈ ಇವಿಷ್ಟು ಸಾಕು ಎಂದರು. "ಚಹಾ ಪಾತ್ರೆ ಸಾಲು ಹೊಡೆದು ಹಾಕು ತಂಗಿ. ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅಂತ ನಾಳೆ ನಿನ್ನನ್ನೇ ಹಿಡ್ಕೋತಾರೆ" ಎಂದು ಪೆನ್ನು ನನ್ನ ಕೈಗೆ ಕೊಟ್ಟರು. ಆ ಸಾಲು ಹಾಗೇ ಇರಲಿ ಎಂದು ತೀರ್ಮಾನಿಸಿದ್ದೇನೆ.

ಮೇಲೆ ಇರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಹೇಳಬೇಕಾದಾಗ ಹೇಳದೆ ಉಳಿದದ್ದು. ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ, ಲಾಹೌಲ್
ದಿನಾಂಕ: 23 ಜನವರಿ 2022, ಮಧ್ಯಾಹ್ನ 2 ಗಂಟೆ 05 ನಿಮಿಷ

ಸಹಿ
ಛಿಮೆ ಪಾಲ್ಮೋ