ಹತ್ತೊಂಬತ್ತು ಮನೆಯ ಬಿಸಿನೀರು

ನಮ್ಮ ಕಟ್ಟಡದ ನಿವಾಸಿಗಳ ಸಮಿತಿಯ ಅಧ್ಯಕ್ಷರಾಗಿ ನಡುವಿನ ಕುರ್ಚಿಯಲ್ಲಿ ಕೂತಿರುವ ಶಾಂತಾರಾಮ ಅವರೇ, ಕಟ್ಟಡ ಕಟ್ಟಿದ ಕಂಪನಿಯ ಪರವಾಗಿ ಬಂದು, ಕನ್ನಡ ಒಂದಕ್ಷರ ಬಾರದಿದ್ದರೂ ಆಗಿನಿಂದ ನಗುತ್ತಲೇ ಇರುವ ಮುಖ್ಯ ಅತಿಥಿಗಳೇ, ನಿರೂಪಣೆ ಮಾಡುತ್ತಿರುವ ನೀರಜಾ, ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿಕೊಂಡು ಕೂತಿರುವ ಅಮೆರಿಕದ ಹರ್ನ್‌ಡನ್ನಿನ ಕನ್ನಡದ ಸಭಿಕರೇ, ನಿಮಗೆಲ್ಲ ಸಿದ್ದೇಶ್ವರಿಯ ವಂದನೆಗಳು.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಈ ಕಟ್ಟಡದ ಬಿಸಿನೀರು, ಮನೆ ಬೆಚ್ಚಗಿಡುವ ಪೈಪು, ಇವನ್ನೆಲ್ಲ ಪರೀಕ್ಷೆ ಮಾಡಿ ಸರಿ ಇದೆ ಎಂದು ಬರೆದುಕೊಟ್ಟ ಇಂಜಿನಿಯರ್ ಅಭಿಷೇಕ್‌ಗೆ ನಾನು ಹಿರಿಯಳಾಗಿ ಶಾಲು ಹೊದಿಸಬೇಕು, ನಾಲ್ಕು ಒಳ್ಳೆಯ ಮಾತು ಹೇಳಬೇಕು. ಆಮೇಲೆ ಶಾಂತಾರಾಮ ಅವರು ಮೇಜಿನ ಮೇಲಿರುವ ಪತ್ರಕ್ಕೆ ರುಜು ಹಾಕುತ್ತಾರೆ. ಹಾಕಿದ ಗಳಿಗೆಯಿಂದ ವ್ಯವಸ್ಥೆ ನಮ್ಮದು. ಕೆಟ್ಟರೂ ನಮ್ಮದೇ. ಕಂಪನಿಯವರು ಕೈ ತೊಳೆದುಕೊಳ್ಳುತ್ತಾರೆ. ತೊಳೆದುಕೊಳ್ಳಲಿ, ಅವರ ಮನೆಯಲ್ಲಿ ಬಿಸಿನೀರು ಬರುತ್ತದೆ.

ನಕ್ಕಿದ್ದು ಸಾಕು. ನೀರಜಾ, ನೀನು ಆ ಅತಿಥಿಗಳ ಪಕ್ಕ ಹೋಗಿ ಕೂತು ಇಂಗ್ಲಿಷಿನಲ್ಲಿ ಹೇಳಮ್ಮ. ಒಂದು ಮಾತೂ ಬಿಡಬೇಡ. ಮೆತ್ತಗೂ ಮಾಡಬೇಡ.

ಅಭಿಷೇಕ್ ಯಾರೆಂದು ನಿಮಗೆ ಗೊತ್ತು. ನನ್ನ ಮಗಳು ಶ್ರೀಲತಾಳ ಮಗ. ನಾನು ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದ ಕೂಸು. ಹಾಗಾದರೆ ಅಜ್ಜಿ ಮೊಮ್ಮಗನನ್ನು ಹೊಗಳುತ್ತಾಳೆ ಎಂದು ತಾನೇ ನನ್ನನ್ನು ಇಲ್ಲಿ ನಿಲ್ಲಿಸಿದ್ದು? ಹೊಗಳುತ್ತಿದ್ದೆ. ಡಿಸೆಂಬರ್ ತಿಂಗಳು ಬಾರದೇ ಇದ್ದಿದ್ದರೆ ಹೊಗಳಿ ಶಾಲು ಹೊದಿಸಿ ಕೂರುತ್ತಿದ್ದೆ.

ನಮ್ಮ ಕಟ್ಟಡದಲ್ಲಿ ಮನೆಗೊಂದು ಗೀಸರ್ ಇಲ್ಲ. ಕೆಳಗೆ ನೆಲಮಾಳಿಗೆಯಲ್ಲಿ ಒಂದೇ ದೊಡ್ಡ ಬಾಯ್ಲರ್. ಅಲ್ಲಿಂದ ಕುದಿಯುವ ನೀರು ಪೈಪಿನಲ್ಲಿ ಹೊರಟು ಅರವತ್ತು ಮನೆ ಸುತ್ತಿ ಬರುತ್ತದೆ. ಪ್ರತಿ ಮನೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದು ಆ ನೀರಿನಿಂದ ಶಾಖ ತೆಗೆದುಕೊಂಡು ನಿಮ್ಮ ನಲ್ಲಿಗೆ, ನಿಮ್ಮ ಕೋಣೆಗೆ ಕೊಡುತ್ತದೆ. ಪೆಟ್ಟಿಗೆಯಲ್ಲಿ ಒಂದು ವಾಲ್ವು. ಅದನ್ನು ಮನೆಮನೆಗೂ ಹೋಗಿ ಅಳತೆ ನೋಡಿ ತಿರುಗಿಸಿ ಇಡಬೇಕು. ಇಡದಿದ್ದರೆ ಬಾಯ್ಲರ್ ಹತ್ತಿರದ ಮನೆ ಹೊಟ್ಟೆಬಿರಿಯ ಕುಡಿಯುತ್ತದೆ, ಕೊನೆಯ ಮನೆಗೆ ಉಗುರುಬೆಚ್ಚಗಿನದು ಸಿಗುತ್ತದೆ. ಹೀಗೆ ಹೊಂದಿಸಿ, ನೋಡಿ, ಬರೆದುಕೊಡುವುದಕ್ಕೆ ಕಮಿಷನಿಂಗ್ ಎನ್ನುತ್ತಾರಂತೆ. ಮೂರನೇ ಕ್ಲಾಸು ಓದಿದ ನನಗೆ ಅರ್ಥವಾಗಿದೆ. ಎಂ.ಎಸ್. ಮಾಡಿದ ನಿಮಗೆ ಅರ್ಥವಾಗದೇ?

ಡಿಸೆಂಬರ್ ಹನ್ನೊಂದಕ್ಕೆ ನಾಲ್ಕನೇ ಮಹಡಿಯ ಕೊನೆಯ ಮನೆಯಲ್ಲಿ ಶರ್ಮಿಳಾಗೆ ಹೆಣ್ಣು ಮಗು ಆಯಿತು. ಬಾಣಂತನಕ್ಕೆ ಕುಂದಾಪುರದಿಂದ ಅವಳ ತಾಯಿ ಗುಲಾಬಿ ಬಂದರು. ಬಾಣಂತನ ಎಂದರೆ ಏನು? ಔಷಧಿ ಆಮೇಲೆ, ಅಂಟಿನುಂಡೆ ಆಮೇಲೆ. ಮೊದಲು ನೀರು. ಸುಡುಸುಡು ನೀರು, ಒಂದು ಗಂಟೆ. ತಾಯಿಗೆ ಅರ್ಧ ಗಂಟೆ, ಕೂಸಿಗೆ ಕಾಲಮೇಲೆ ಮಲಗಿಸಿಕೊಂಡು ಹದವಾದ ನೀರು, ಮತ್ತೆ ತಾಯಿಗೆ. ಮೂರನೇ ದಿನವೇ ಗುಲಾಬಿ ನನ್ನ ಮನೆಗೆ ಬಂದರು.

"ಎಂತ ಮಾಡುದು ಸಿದ್ದೇಶ್ವರಿಯಕ್ಕ, ನೀರು ಹತ್ತು ನಿಮಿಷ ಬಿಸಿ, ಮತ್ತೆ ತಣ್ಣಗೆ. ನನಗೇ ನಲ್ಲಿ ತಿರುಗಿಸ್ಲಿಕ್ಕೆ ಬರುದಿಲ್ಲ ಕಾಣ್ತದೆ."

ನೋಡಿ, ಮೊದಲು ತನ್ನ ಮೇಲೇ ಹಾಕಿಕೊಂಡರು ಆ ಹೆಂಗಸು. ನಾನೇ ಶಾಂತಾರಾಮ ಅವರಿಗೆ ಫೋನ್ ಮಾಡಿದೆ. ಇವರು ಏನೆಂದರು? "ಆಂಟಿ, ಅವರು ಟೂ ಮಚ್ ವಾಟರ್ ಯೂಸ್ ಮಾಡ್ತಿದಾರೆ. ಶವರ್ ಐದು ನಿಮಿಷದಲ್ಲಿ ಮುಗಿಸೋಕೆ ಹೇಳಿ." ಬಾಣಂತಿಯ ಸ್ನಾನ ಐದು ನಿಮಿಷ! ಶಾಂತಾರಾಮ ಅವರೇ, ನಿಮ್ಮ ತಾಯಿ ನಿಮ್ಮನ್ನು ಹೆತ್ತಾಗ ಐದು ನಿಮಿಷದಲ್ಲಿ ಎದ್ದು ಬಂದರೇ? ಕಂಪನಿಗೆ ಹೇಳಿದರೆ ಅವರ ಉತ್ತರ ಇನ್ನೂ ಚೆಂದ. "ರಿಪೋರ್ಟ್ ಎಲ್ಲ ಗ್ರೀನ್ ಇದೆ." ಹಸಿರು ಇದ್ದರೆ ಏನು, ಪಲ್ಯ ಮಾಡಲೇ?

ಡಿಸೆಂಬರ್ ಇಪ್ಪತ್ತಾರು. ಹೊರಗೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹದಿನೆಂಟು ಡಿಗ್ರಿ, ಊರಿನ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಕೆಳಗೆ. ಕೂಸು ಗುಲಾಬಿಯವರ ಕಾಲಮೇಲೆ, ತಲೆಯಲ್ಲಿ ಸೀಗೆ ನೊರೆ, ನೀರು ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ಕೋಣೆಯ ಗೋಡೆಯೂ ತಣ್ಣಗೆ. ಒರೆಸಿ ಸುತ್ತುವಷ್ಟರಲ್ಲಿ ಕೂಸಿನ ತುಟಿ ಬಣ್ಣ ತಿರುಗಿತ್ತು. ಆಂಬುಲೆನ್ಸು ಬಂತು. ಮೂರು ದಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು ಹದಿನೈದು ದಿನದ ಮಗು. ನಿಧಿ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಹಿಂದಿನ ಸಾಲಿನಲ್ಲಿ ಗುಲಾಬಿಯವರ ಹೆಗಲ ಮೇಲೆ ಮಲಗಿದೆ, ಚೆನ್ನಾಗಿದೆ. ಚೆನ್ನಾಗಿದೆ ಎಂದು ನೀವು ಚಪ್ಪಾಳೆ ತಟ್ಟಬೇಡಿ. ಅದು ನಿಮ್ಮ ಪುಣ್ಯ, ನಿಮ್ಮ ಕೆಲಸವಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಶಾಂತಾರಾಮ ಅವರು ಒಂದು ಕಾಗದ ತಂದು ಗುಲಾಬಿಯವರ ಮುಂದೆ ಹಿಡಿದರು. "ನೋಡಿ ಆಂಟಿ, ಆಗಸ್ಟಲ್ಲೇ ನಿಮ್ಮನೆ ಟೆಸ್ಟ್ ಆಗಿದೆ. ಒನ್ ಟ್ವೆಂಟಿ ಒನ್ ಡಿಗ್ರಿ. ಮನೆಯವರು ಸೈನ್ ಕೂಡ ಹಾಕಿದಾರೆ." ಗುಲಾಬಿಯವರು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಕನ್ನಡಕ ಹಾಕಿ ನೋಡಿದೆ.

ರುಜು ಕನ್ನಡದಲ್ಲಿತ್ತು. ಅದು ನನ್ನ ರುಜು.

ಈಗ ಗುಸುಗುಸು ಶುರುವಾಯಿತು. ಆಗಲಿ.

ನಿಮಗೆಲ್ಲ ಗೊತ್ತಿರುವ ಮಾತೇ. ಬೆಳಿಗ್ಗೆ ಎಂಟಕ್ಕೆ ನೀವೆಲ್ಲ ಟೋಲ್ ರಸ್ತೆ ಹಿಡಿದು ಹೊರಟರೆ ಈ ಕಟ್ಟಡದಲ್ಲಿ ಉಳಿಯುವವಳು ನಾನು. ಯಾರ ಪಾರ್ಸಲ್ ಬಂದರೂ ನನ್ನ ಬಾಗಿಲಿಗೆ. ಸೀರೆ, ಪ್ರೆಷರ್ ಕುಕ್ಕರ್ ಗ್ಯಾಸ್ಕೆಟ್, ಗ್ರೀನ್ ಕಾರ್ಡಿನ ಲಕೋಟೆ ಸಹ. ಅವರು ತೋರಿಸಿದ ಕಡೆ ಸಿದ್ದೇಶ್ವರಿ ಎಂದು ಬರೆಯುತ್ತೇನೆ. ಬರೆಯಲು ಬರುತ್ತದಲ್ಲ ಎಂದು ನನಗೆ ಸ್ವಲ್ಪ ಜಂಬ ಕೂಡ ಇತ್ತು. ಆಗಸ್ಟಿನ ಕೊನೆಯ ದಿನ ಅಭಿ ಬಂದ. ನಲವತ್ತೊಂದು ಮನೆ ಸರಿಯಾಗಿಯೇ ನೋಡಿದ್ದ, ಅದನ್ನು ಅಲ್ಲಗಳೆಯುವುದಿಲ್ಲ. ಹತ್ತೊಂಬತ್ತು ಮನೆ ಬಾಕಿ, ಎಲ್ಲದಕ್ಕೂ ಬೀಗ. ಬಾಸು ಫೋನಿನಲ್ಲಿ, ಇವತ್ತೇ ಮುಗಿಯಬೇಕು ಎಂದು. ನಾನು ಉಪ್ಪಿಟ್ಟು ಕೊಟ್ಟೆ. ಅವನು ನನ್ನ ಅಡುಗೆಮನೆಯ ನಲ್ಲಿಯ ಕೆಳಗೆ ಥರ್ಮಾಮೀಟರ್ ಹಿಡಿದ. ನೂರ ಇಪ್ಪತ್ತೊಂದು, ಊರಿನ ಲೆಕ್ಕದಲ್ಲಿ ಐವತ್ತರ ಹತ್ತಿರ. ಆಮೇಲೆ ಊಟದ ಮೇಜಿನ ಮೇಲೆ ಹತ್ತೊಂಬತ್ತು ಹಾಳೆ ಹರಡಿದ.

"ಅಜ್ಜಿ, ಇಲ್ಲೊಂದು ಸೈನ್ ಹಾಕಿ. ಇಲ್ಲೊಂದು. ಪಾರ್ಸಲ್ ಥರಾನೇ."

"ಯಾರಿಗೆ ಏನು ಬಂದಿದೆಯೋ?"

"ಎಲ್ಲರಿಗೂ ಬಿಸಿನೀರು ಬಂದಿದೆ ಅಜ್ಜಿ."

ನಾನು ನಕ್ಕು ಹಾಕಿದೆ. ಹತ್ತೊಂಬತ್ತೂ.

ನನ್ನ ಮನೆ ಮೊದಲನೇ ಮಹಡಿ, ಬಾಯ್ಲರ್ ನೆತ್ತಿಯ ಮೇಲೆ. ನನ್ನ ನಲ್ಲಿಯಲ್ಲಿ ಬಾರದ ಬಿಸಿ ಇನ್ನೆಲ್ಲಿ ಬಂದೀತು? ಹತ್ತೊಂಬತ್ತು ಮನೆಯಲ್ಲೂ ನೂರ ಇಪ್ಪತ್ತೊಂದು ಎಂದು ಬರೆದ. ಹತ್ತೊಂಬತ್ತು ಮನೆಯ ಸಾರಿನಲ್ಲಿ ಒಂದೇ ಉಪ್ಪು ಇರುತ್ತದೆಯೇ? ಆ ಹಾಳೆ ಅವನ ಬಾಸಿನ ಕೈಗೆ ಹೋಯಿತು, ಕಂಪನಿಯ ಕೈಗೆ ಹೋಯಿತು, ಸಮಿತಿಯ ಕೈಗೆ ಬಂತು. ಯಾರಿಗೂ ಅನುಮಾನ ಬರಲಿಲ್ಲವೇ? ಈ ಕಂಪನಿಯವರಿಗೆ ಕನ್ನಡ ಬರುವುದಿಲ್ಲ, ಒಪ್ಪಿದೆ. ಶಾಂತಾರಾಮ ಅವರೇ, ನಿಮಗೆ ಬರುತ್ತದಲ್ಲ? ರಾಜ್ಯೋತ್ಸವಕ್ಕೆ ಅರ್ಧ ಗಂಟೆ ಕನ್ನಡದ ಮೇಲೆ ಮಾತಾಡಿದಿರಿ. ಹತ್ತೊಂಬತ್ತು ಸಲ ಸಿದ್ದೇಶ್ವರಿ ಎಂದು ಬರೆದದ್ದನ್ನು ಒಂದು ಸಲ ಓದಬಾರದಿತ್ತೇ?

ನಮ್ಮಪ್ಪ ಮದ್ದೂರಿನ ಕಡೆ ನಾಲೆಗೆ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ತೂಬು ತೆಗೆಯಬೇಕು ಎಂದು ನೋಡುವ ಕೆಲಸ. ನಾಲೆಯ ಕೊನೆಯ ಗದ್ದೆಗೆ ನಡೆದು ಹೋಗಿ, ಪಾದ ನೆನೆದ ಮೇಲೇ ನೀರು ತಲುಪಿತು ಎನ್ನುತ್ತಿದ್ದ. ಒಂದು ಸಲ ಮಾತ್ರ ಹೋಗಲಿಲ್ಲ. ಮೇಲಿನ ಗದ್ದೆಯವರು ತಲುಪಿತು ಎಂದರು, ನಂಬಿದ. ಕೊನೆಯಲ್ಲಿದ್ದ ಗಂಗಾಂಬಿಕಾ ಎಂಬಾಕೆಯ ಒಟ್ಟಲು, ನಾಟಿಗೆಂದು ಬೆಳೆಸಿದ ಸಸಿಮಡಿ, ಪೂರ್ತಿ ಒಣಗಿತು. ಆಕೆ ಬಯ್ಯಲಿಲ್ಲ. ಬಂದು ನಮ್ಮ ಜಗಲಿಯ ಮೇಲೆ ಕೂತಳು, ಅಷ್ಟೇ. ಅಪ್ಪ ನಮ್ಮ ಪೈರನ್ನೆಲ್ಲ ಕಿತ್ತು ಆಕೆಗೆ ಕೊಟ್ಟ. ಆ ವರ್ಷ ನಮ್ಮ ಗದ್ದೆ ನಾಟಿಯಾಗಲಿಲ್ಲ. ಅಮ್ಮನ ಜೊತೆ ಕೂಲಿಗೆ ಹೋಗುವುದಕ್ಕೆ ನನ್ನ ಸ್ಕೂಲು ಬಿಡಿಸಿದರು. ಅಪ್ಪನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಕೊಟ್ಟದ್ದಕ್ಕೋ, ಹೋಗದೇ ಇದ್ದದ್ದಕ್ಕೋ, ಗೊತ್ತಿಲ್ಲ. ಇರಲಿ, ಆ ಮಾತು ಇಲ್ಲಿಗೆ ಯಾಕೆ ಬಂತೋ.

ಸಭಿಕರೇ, ನಾಲ್ಕನೇ ಮಹಡಿಯಲ್ಲಿ ಇನ್ನೂ ಐದು ಮನೆಯವರು ಸ್ನಾನದ ನೀರನ್ನು ಒಲೆಯ ಮೇಲೆ ಕಾಯಿಸಿಕೊಳ್ಳುತ್ತಿದ್ದೀರಿ. ನನಗೆ ಗೊತ್ತು. ಹೇಳಲು ನಾಚಿಕೆ ನಿಮಗೆ. ಮನೆಯ ಬೆಲೆ ಬೀಳುತ್ತದೆ ಎಂದು ಹೆದರಿಕೆ. ನಮ್ಮ ಹುಡುಗ ಮಾಡಿದ್ದು, ಯಾಕೆ ಬಾಯಿ ಬಿಡಬೇಕು ಎಂಬ ದಾಕ್ಷಿಣ್ಯ. ನಿಮ್ಮ ದಾಕ್ಷಿಣ್ಯದಲ್ಲಿ ಒಂದು ಕೂಸಿಗೆ ಮೈ ತೊಳೆಯಲು ಆಗುತ್ತದೆಯೇ?

ಆದ್ದರಿಂದ ಎಲ್ಲರೆದುರು ಹೇಳುತ್ತಿದ್ದೇನೆ. ಆ ಹತ್ತೊಂಬತ್ತು ರುಜು ಸುಳ್ಳು. ನಾನು ವಾಪಸು ತೆಗೆದುಕೊಂಡಿದ್ದೇನೆ. ನೀರಜಾ, ಇದನ್ನು ಅವರಿಗೆ ಎರಡು ಸಲ ಹೇಳು. ಶಾಂತಾರಾಮ ಅವರೇ, ಆ ಪತ್ರ ಮಡಚಿ ಜೇಬಿಗೆ ಹಾಕಿ. ಹತ್ತೊಂಬತ್ತು ಮನೆಯ ವಾಲ್ವೂ ತಿರುಗಿಸಿ, ಈ ಚಳಿಯಲ್ಲೇ, ಒಂದೊಂದು ಮನೆಯಲ್ಲಿ ಒಂದು ಗಂಟೆ ನಲ್ಲಿ ಬಿಟ್ಟು ನೋಡುವ ತನಕ ಈ ಕಟ್ಟಡ ಕಂಪನಿಯದು. ಬರುವ ಶನಿವಾರ ಯಾರೂ ಮಾಲಿಗೆ ಹೋಗಬೇಡಿ. ಮನೆಯಲ್ಲಿರಿ, ಬಾಗಿಲು ತೆರೆಯಿರಿ. ಆಗಸ್ಟಿನಲ್ಲಿ ನಮ್ಮಲ್ಲಿ ಒಬ್ಬೊಬ್ಬರು ಅರ್ಧ ದಿನ ರಜೆ ಹಾಕಿದ್ದರೂ ಇದು ಆಗುತ್ತಿರಲಿಲ್ಲ.

ಇದರಿಂದ ಅಭಿಯ ಕೆಲಸ ಹೋಗಬಹುದು. ಶ್ರೀಲತಾ, ಅಳಬೇಡ, ತಲೆ ಎತ್ತು. ನಿನ್ನೆ ಸಂಜೆ ಅವನಿಗೂ ಹೇಳಿದೆ, ನೀನೇ ಹೇಳಿಬಿಡೋ ಎಂದು. "ಆಗಲ್ಲ ಅಜ್ಜಿ, ನನ್ನ ವೀಸಾ ಏನಾಗುತ್ತೆ" ಎಂದ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಾನು ರಾತ್ರಿಯೆಲ್ಲ ಯೋಚನೆ ಮಾಡಿದೆ. ಆದರೂ ಬಂದೆ. ಕೆಲಸ ಹೋದರೆ ಹೋಗಲಿ ಕಣೋ, ಇನ್ನೊಂದು ಊರಲ್ಲಿ ಇನ್ನೊಂದು ಕಟ್ಟಡದಲ್ಲಿ ಈ ಥರ ಬರೆಯುವವನಾಗಿ ಉಳಿಯಬೇಡ.

ಮಾತಾಡಲು ಕರೆದವರಿಗೆ, ಇಷ್ಟು ಹೊತ್ತು ಕೈ ಎಳೆದು ಕೂರಿಸದೆ ಕೇಳಿದವರಿಗೆ, ಬಯ್ಯದೆ ನನ್ನ ಮುಂದೆ ಕಾಗದ ಹಿಡಿದ ಗುಲಾಬಿಯವರಿಗೆ ಧನ್ಯವಾದ. ಶಾಲು ಹೊದಿಸುವ ಕಾರ್ಯಕ್ರಮ ಇಲ್ಲ. ಅಲ್ಲಿ ನೋಡಿ, ಅಭಿ ಎದ್ದು ನಿಂತಿದ್ದಾನೆ. ಬಾಗಿಲ ಕಡೆ ಹೋಗುತ್ತಾನೇನೋ ಎಂದುಕೊಂಡೆ. ಇಲ್ಲ, ಈ ಕಡೆಗೇ ಬರುತ್ತಿದ್ದಾನೆ.

ದಾರಿ ಬಿಡಿ ಅವನಿಗೆ. ಬಾರಪ್ಪ, ಮೈಕು ಹಿಡಿ. ಉಳಿದದ್ದನ್ನು ನೀನು ಹೇಳು. ನಮಸ್ಕಾರ.